ಹೆಗಲಿನ ಚೀಲ

"ಮುಟ್ಟಬೇಡ ಅದನ್ನ," ಎಂದಳು ನಾಗವೇಣಿ. ಬಾಗಿಲ ಮೂಲೆಯಲ್ಲಿದ್ದ ಖಾಕಿ ಚೀಲಕ್ಕೆ ಕೈಚಾಚಿದ್ದ ಮಗಳು ರಶ್ಮಿ ಹಾಗೇ ನಿಂತಳು.

"ಅಮ್ಮಾ, ಪಪ್ಪನನ್ನು ಹೊರಗೆ ತರುವಾಗ ಅಡ್ಡ ಆಗ್ತದೆ. ಸೈಡಿಗೆ ಇಡ್ತೇನೆ, ಅಷ್ಟೆ."

"ಅದೇ ಅವರನ್ನ ತಿಂದದ್ದು. ಅಲ್ಲೇ ಬಿದ್ದಿರಲಿ."

ನಡುಮನೆಯ ಚಾಪೆಯ ಮೇಲೆ ದಾಮೋದರ ಮಲಗಿದ್ದ. ವಡೋದರಾದ ಗೋರ್ವಾದಲ್ಲಿ ಮನೆ ಮಾಡಿಕೊಂಡು ಮೂವತ್ತು ವರ್ಷ ಊರಿನ ನಲ್ಲಿ, ಪೈಪು, ಟಾಂಕಿ ರಿಪೇರಿ ಮಾಡಿದ ಮನುಷ್ಯ. ನಿನ್ನೆ ಕೆಲಸ ಮುಗಿಸಿ ಬರುವಾಗ ಬಸ್‌ಸ್ಟಾಪಿನ ಬೆಂಚಿನಲ್ಲಿ ಕೂತವನು ಏಳಲಿಲ್ಲ. ಹತ್ಯಾರಿನ ಚೀಲ ಹೆಗಲಿನಲ್ಲೇ ಇತ್ತಂತೆ. ಅಷ್ಟು ಕೇಳಿದಾಗಿನಿಂದ ನಾಗವೇಣಿಯ ಎದೆಯಲ್ಲಿ ಒಂದೇ ಮಾತು: ಸ್ಕೂಟರ್ ಮಾರಿಸಿದವಳು ನಾನು.

*

ಕಳೆದ ಬೇಸಿಗೆಯಲ್ಲಿ ತಲೆಸುತ್ತು ಬಂದು ಅವನು ಸ್ಕೂಟರಿನಿಂದ ಬಿದ್ದಿದ್ದ. ಗಾಡಿ ಇಲ್ಲದಿದ್ದರೆ ಸುಮ್ಮನೆ ಮನೆಯಲ್ಲಿ ಕೂರುತ್ತಾನೆ ಎಂದುಕೊಂಡು, ಅದನ್ನು ಮಾರಲೇಬೇಕೆಂದು ಅವಳು ಹಟ ಹಿಡಿದಳು.

"ಒಂದು ದಿನ ಬಿಟ್ಟು ಕೊಡ್ತೇನೆ," ಎಂದ. ಆ ಒಂದು ದಿನ ಇಡೀ ಊರು ಸುತ್ತಿ ಬಂದು ಕೀಲಿಕೈ ಕೊಟ್ಟ. ಮರುದಿನ ನೋಡಿದರೆ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಿದ್ದ.

"ಬಸ್ಸುಂಟಲ್ಲ ಮಾರಾಯ್ತಿ."

"ಅಷ್ಟು ಕಬ್ಬಿಣ ಹೊತ್ತುಕೊಂಡಾ?"

"ಎಂತ ಕಬ್ಬಿಣ? ಹತ್ತಿಯ ಹಾಗೆ ಉಂಟು."

ಅವನ ಬಾಯಲ್ಲಿ ತಮಾಷೆ ಯಾವುದು, ನಿಜ ಯಾವುದು ಎಂದು ದೇವರಿಗೇ ಗೊತ್ತಾಗುತ್ತಿರಲಿಲ್ಲ. ನಾಗವೇಣಿ ಸಿಟ್ಟಿನಲ್ಲಿ ಆ ಚೀಲವನ್ನು ಒಮ್ಮೆಯೂ ಎತ್ತಿ ನೋಡಲಿಲ್ಲ. ಸಂಜೆ ಅವನು ಬಂದು ಕೂತರೆ ಮಾತ್ರ, ಬೈಯುತ್ತಲೇ, ಬಲ ಹೆಗಲಿಗೆ ಬಿಸಿ ತೆಂಗಿನೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವನು ಕಣ್ಣು ಮುಚ್ಚಿ, "ಸ್ವಲ್ಪ ಕೆಳಗೆ," ಎನ್ನುತ್ತಿದ್ದ.

ಆಯುಧಪೂಜೆಗೆ ಮಣೆಯ ಮೇಲೆ ಒಂದೇ ಒಂದು ಸ್ಕ್ರೂಡ್ರೈವರ್ ಇಟ್ಟಿದ್ದ. ಉಳಿದದ್ದೆಲ್ಲಿ ಎಂದರೆ, "ಅವಕ್ಕೂ ಪೂಜೆ ಆಗ್ತದೆ, ನೀನು ಆರತಿ ಎತ್ತು," ಎಂದಿದ್ದ. ಚೀಲದಿಂದ ತೆಗೆಯಲೂ ಸೋಮಾರಿತನ ಎಂದು ಅವಳು ಗೊಣಗಿದ್ದಳು.

*

ಸುಭಾನ್‌ಪುರಾದಲ್ಲಿ ಉಡುಪಿ ಹೋಟೆಲು ನಡೆಸುವ ರಾಮಚಂದ್ರ ಬಂದ. ಕೈಯಲ್ಲಿ ಹಾರ, ಕಂಕುಳಲ್ಲಿ ಪೇಪರು ಸುತ್ತಿದ ಡ್ರಿಲ್ ಮಷೀನು. ಹಾರ ಹಾಕಿ ಕೈಮುಗಿದು, ಮಷೀನನ್ನು ಚೀಲದ ಪಕ್ಕ ಇಟ್ಟ.

"ದಾಮಣ್ಣನದ್ದು, ಅಕ್ಕ. ನಮ್ಮ ಹೋಟೆಲಿನಲ್ಲೇ ಇರ್ತಿತ್ತು."

ಹಿಂದೆಯೇ ಅಕೋಟಾದ ಗುಜರಾತಿ ಹೆಂಗಸು ಕೋಕಿಲಾಬೆನ್, ಪೈಪು ತಿರುಗಿಸುವ, ಮೊಳಕ್ಕಿಂತ ಉದ್ದದ ಕಬ್ಬಿಣದ ಪಾನಾವನ್ನು ಎರಡು ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತ ಬಂದಳು. ಪಾನಾದ ಹಿಡಿಯಲ್ಲಿ ಒಣಗಿದ ಕುಂಕುಮ, ಒಂದು ಕೆಂಪು ದಾರ. ದಸರೆಯ ದಿನ ಇದಕ್ಕೆ ನೀವೇ ಕುಂಕುಮ ಹಚ್ಚಿಬಿಡಿ ಎಂದಿದ್ದರು ಭಾಯಿ, ಎಂದು ಹಿಂದಿಯಲ್ಲಿ ಹೇಳಿ ಕಣ್ಣೊರೆಸಿಕೊಂಡಳು.

"ಇವೆಲ್ಲ ನಿಮ್ಮಲ್ಲಿ ಯಾಕೆ?" ಎಂದು ನಾಗವೇಣಿ ರಾಮಚಂದ್ರನನ್ನು ಕೇಳಿದಳು.

"ಸ್ಕೂಟರ್ ಕೊಡುವ ಹಿಂದಿನ ದಿನ ಒಂದೊಂದು ಕಡೆ ಒಂದೊಂದು ಇಟ್ಟು ಹೋದ್ರಲ್ಲ ಅಕ್ಕ. ಎಲ್ಲಿ ಕೆಲಸವೋ ಅಲ್ಲಿಗೆ ನಾವೇ ಮುಟ್ಟಿಸ್ತಿದ್ದೆವು. ನಮ್ಮ ಇಡ್ಲಿ ಹಿಟ್ಟಿನ ರಿಕ್ಷಾದಲ್ಲಿ ಈ ಡ್ರಿಲ್ ಎಷ್ಟು ಸಲ ಅಕೋಟಾಕ್ಕೆ ಹೋಯ್ತೋ. ಇವರ ಯಜಮಾನರು ಆಫೀಸಿಗೆ ಹೋಗುವಾಗ ಪಾನಾ ತಂದು ಕೊಡ್ತಿದ್ರು. ದಾಮಣ್ಣ ಬಸ್ಸಿನಿಂದ ಆರಾಮಾಗಿ ಕೈ ಬೀಸಿಕೊಂಡು ಇಳಿಯುವುದು, ಮದುಮಗನ ಹಾಗೆ. ನಿಮಗೆ ಹೇಳ್ಲಿಲ್ವಾ?"

ಹೇಳಿದ್ದ. ಹತ್ತಿಯ ಹಾಗೆ ಉಂಟು ಎಂದು ಎಷ್ಟೋ ಸಲ ಹೇಳಿದ್ದ.

ನಾಗವೇಣಿ ಎದ್ದು ಮೂಲೆಗೆ ಹೋದಳು. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಕಟ್ಟಿ ಎತ್ತಿದಳು. ಅದು ಎಷ್ಟು ಸಲೀಸಾಗಿ ಮೇಲೆ ಬಂತೆಂದರೆ ಅವಳೇ ಹಿಂದಕ್ಕೆ ವಾಲಿದಳು. ಒಳಗೆ ನಿನ್ನೆ ಅವಳು ಕಟ್ಟಿಕೊಟ್ಟ ಬುತ್ತಿಯ ಡಬ್ಬಿ, ತೊಳೆದದ್ದು. ಬೆವರು ಒರೆಸುವ ಒಂದು ಬೈರಾಸು. ಆ ಸ್ಕ್ರೂಡ್ರೈವರ್.

ನಿನ್ನೆಯಿಂದ ಅವಳ ಎದೆಯ ಮೇಲೆ ಕೂತಿದ್ದ ಕಲ್ಲು ಸರಿಯಿತು. ಅಳು ಬಂತು, ಅಳುವಿನ ನಡುವೆ ನಗುವೂ ಬಂತು.

"ಹಾಗಾದ್ರೆ ಹೆಗಲು ನೋಯ್ತಾನೇ ಇರ್ಲಿಲ್ಲ," ಎಂದಳು ರಶ್ಮಿಗೆ. "ದಿನಾ ಸಂಜೆ ಸುಮ್ಮನೆ ಕೂತು ತಿಕ್ಕಿಸ್ಕೊಂಡ್ರು. ಕಳ್ಳ."

ಹೊರಗೆ ಚಟ್ಟ ತಯಾರಾಗಿತ್ತು. ಗಂಡಸರು ಒಳಗೆ ಬಂದರು.

"ಸ್ವಲ್ಪ ತಡೀರಿ," ಎಂದು ನಾಗವೇಣಿ ಅಡುಗೆಮನೆಯಿಂದ ಎಣ್ಣೆಯ ಬಟ್ಟಲು ತಂದಳು. ಹೆಣವಿರುವ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಗಂಡನ ಪಕ್ಕ ಕೂತು ಎಣ್ಣೆಯನ್ನು ಅಂಗೈಗಳ ನಡುವೆ ಉಜ್ಜಿ ಉಜ್ಜಿ ಬಿಸಿ ಮಾಡಿಕೊಂಡಳು. ಹೊದಿಕೆ ಸರಿಸಿ ಬಲ ಹೆಗಲಿಗೆ ಹಚ್ಚಿ ಮೆಲ್ಲಗೆ ತಿಕ್ಕಿದಳು. ಆಮೇಲೆ ಅವಳ ಕೈ ಸ್ವಲ್ಪ ಕೆಳಗೆ ಹೋಯಿತು.