ಡೆರೆಕ್ ಅಂಕಲ್ ಡಬ್ಬಿ

ಮೆಲ್ಬರ್ನ್‌ಗೆ ಬಂದ ಮೇಲೆ ನನ್ನತ್ತೆ ಗಿರಿಜವ್ವನನ್ನು ನಿಂತು ಮಾತಾಡಿಸಿದ ಹೊರಗಿನವರು ಒಬ್ಬರೇ, ಪಕ್ಕದ ಮನೆಯ ಡೆರೆಕ್ ಅಂಕಲ್. ಒಂದು ಶನಿವಾರ ಅವರು ಸಮುದ್ರದ ಜೆಟ್ಟಿಯಲ್ಲಿ ಗಾಳ ಹಾಕಿ ಹಿಡಿದ ಮೀನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಪಾಯಿಂಟ್ ಕುಕ್ ಬಡಾವಣೆಯ ನಮ್ಮ ಮನೆಗೆ ತಂದುಕೊಟ್ಟರು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಅತ್ತೆ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು "ಥ್ಯಾಂಕ್ಯೂ" ಅಂದರು. ಬೇಡ ಅಂದರೆ ಆ ಒಂಟಿ ಜೀವ ನೊಂದುಕೊಂಡು ಮತ್ತೆ ಇತ್ತ ತಲೆ ಹಾಕದಿದ್ದರೆ ಎಂಬ ಹೆದರಿಕೆ.

ಮೀನನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂಳುವ ಕೆಲಸ ನನ್ನ ತಲೆಗೆ ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಡಬ್ಬಿ ತೊಳೆದು ವಾಪಸ್ ಕೊಡಲು ಹೊರಟರೆ ಅತ್ತೆ ಅಡ್ಡ ಬಂದರು.

"ಖಾಲಿ ಡಬ್ಬಿ ಹೆಂಗ ಕೊಡ್ತಿ? ಮಂದಿ ಏನಂದಾರು?"

ಈ ಸಬರ್ಬಿನಲ್ಲಿ ಯಾವ ಮಂದಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಡಬ್ಬಿ ತುಂಬ ಶೇಂಗಾ ಹೋಳಿಗೆ ಹೋಯಿತು.

ಮುಂದಿನ ವಾರ ಇನ್ನೂ ದೊಡ್ಡ ಮೀನು ಬಂತು, ಬೇಸನ್ ಉಂಡಿ ಹೋಯಿತು. ಮಸಲ್ ಎಂಬ ಕಪ್ಪು ಚಿಪ್ಪುಗಳು ಬಂದವು, ಕರ್ಚಿಕಾಯಿ ಹೋದವು. ಶಿಕಾರಿ ಸೀಸನ್ ಶುರುವಾದಾಗ ಡಬ್ಬಿಯ ಮುಚ್ಚಳದಿಂದ ಬಾತುಕೋಳಿಯ ಎರಡು ಕಾಲು ಹೊರಚಾಚಿದ್ದವು. ಇಷ್ಟರಲ್ಲಿ ಕರಿಬೇವು ಬೇಲಿ ದಾಟಿ ಬೆಳೆದಿತ್ತು. ಅಗೆದು ಅಗೆದು ನನ್ನ ರಟ್ಟೆ ಬಿದ್ದುಹೋಗಿತ್ತು.

"ನಾಳೆ ಕಾಂಗರೂ ತಂದ್ರ ಎಲ್ಲಿ ಹುಗಿಯೂದು? ಖರೇನ ಹೇಳಿಬಿಡು," ಅಂದರು ಅತ್ತೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಇದ್ದ ಒಂದು ಸ್ನೇಹವೂ ಹೋಯಿತೆಂದೇ ಅವರ ಲೆಕ್ಕ.

ಅಂಕಲ್ಲಿಗೆ ಎಲ್ಲ ಹೇಳಿದೆ. ನಾವು ಮೀನು ತಿನ್ನುವುದಿಲ್ಲ, ಎಲ್ಲವೂ ಆ ಮರದ ಕೆಳಗಿದೆ ಅಂದೆ. ಅವರು ಮರ ನೋಡಿದರು, ನನ್ನನ್ನು ನೋಡಿದರು.

"ಸದ್ಯ, ನಾನು ಬದುಕಿಕೊಂಡೆ!" ಎಂದರು ತಮ್ಮ ಇಂಗ್ಲಿಷಿನಲ್ಲಿ. ಮೀನಿನ ವಾಸನೆಗೇ ಅವರಿಗೆ ಹೊಟ್ಟೆ ತೊಳಸುತ್ತದಂತೆ. ಮೊದಲ ಮೀನು ಹೊತ್ತು ಕಳೆಯಲು ಹಿಡಿದದ್ದು. ಮಿಕ್ಕದ್ದೆಲ್ಲ ನಮಗಾಗಿ. "ಇಷ್ಟೊಂದು ಸಿಹಿ ಕೊಡುವ ಮನೆಗೆ ಬರಿಗೈಲಿ ಹೇಗೆ ಬರಲಿ?"

ನಾನು ಕನ್ನಡದಲ್ಲಿ ಹೇಳಿದಾಗ ಅತ್ತೆ ಬಿದ್ದು ಬಿದ್ದು ನಕ್ಕರು. ನನಗೂ ಜೀವ ಬಂದಂತಾಯಿತು. ಸಲಿಕೆ ಗ್ಯಾರೇಜಿಗೆ ಹೋಯಿತು.

ಮುಂದಿನ ಶನಿವಾರ ಅಂಕಲ್ ನಗುನಗುತ್ತಾ ತೊಳೆದ ಡಬ್ಬಿ ತಂದುಕೊಟ್ಟರು. ಅತ್ತೆ ಮುಚ್ಚಳ ತೆಗೆದು ನೋಡಿದರು. ಮುಖ ಸಪ್ಪಗಾಯಿತು. ಅಡುಗೆಮನೆಗೆ ಬಂದು ಹೋಳಿಗೆ ತುಂಬುತ್ತಾ ನನ್ನ ಕಿವಿಯಲ್ಲಿ ಅಂದರು:

"ಖಾಲಿ ಡಬ್ಬಿ ತಂದಾನ ನೋಡವಾ! ಒಂದು ಸಣ್ಣ ಮೀನರ ಹಾಕ್ಕೊಂಡು ಬರಬಾರದಿತ್ತ?"