ಹೀರೆಬಳ್ಳಿಯ ಒಂದು ತೋಳು

ಗಂಗಲಕ್ಷ್ಮಮ್ಮ ಬಟ್ಟೆಯನ್ನು ಮೂರನೆಯ ಸಲ ಮಡಿಸಿ, ಮೂರನೆಯ ಸಲ ಬಿಚ್ಚಿದರು. ಬಸವೇಶ್ವರನಗರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಹೊಲಿಯುತ್ತಿದ್ದರು. ಯಾವ ಬಟ್ಟೆ ಬಂದರೂ ಎರಡಾಗಿ ಮಡಿಸಿ, ಮೇಲೆ ಅಳತೆ ರವಿಕೆ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿಸುವುದು. ಎಡ ಬಲ ಒಂದೇ ಸಮ.

ಈ ಬಟ್ಟೆ ಮಾತ್ರ ಮಡಿಕೆಗೆ ಒಗ್ಗಲಿಲ್ಲ. ಎಡ ಮೂಲೆಯಿಂದ ಹೊರಟ ಹೀರೆಬಳ್ಳಿಯೊಂದು ಓರೆಯಾಗಿ ಬಲಗಡೆಯ ಕೆಳ ಅಂಚಿಗೆ ಇಳಿದಿತ್ತು. ನಡುವೆ ತಟ್ಟೆಯಗಲದ ಒಂದೇ ಹಳದಿ ಹೂವು.

"ಅಳತೆ ರವಿಕೆ ಎಲ್ಲೇ?"

"ಅಳತೆ ಬೇಡ ಆಂಟಿ. ಬಳ್ಳಿ ಎಲ್ಲೂ ತುಂಡಾಗಬಾರ್ದು, ಅಷ್ಟೇ. ಅದು ಹೋದ ಕಡೆ ನಿಮ್ಮ ಕತ್ತರಿ ಹೋಗ್ಲಿ," ಎಂದಳು ಚೈತ್ರ. ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ. ಉಡುಪುಗಳ ವಿನ್ಯಾಸ ಅವಳ ಕೆಲಸ. ರಾಜಾಜಿನಗರದ ಶೆಡ್ಡೊಂದರಲ್ಲಿ ಹನ್ನೊಂದು ದಿನ ನಿಂತು ಈ ಬಟ್ಟೆಗೆ ಬಳ್ಳಿಯ ಅಚ್ಚನ್ನು ತಾನೇ ಹಾಕಿದ್ದಳು. ಇದ್ದದ್ದು ಇದೊಂದೇ ತುಂಡು. ಸಂಜೆಯ ಪ್ರದರ್ಶನಕ್ಕೆ ಇದನ್ನೇ ತೊಟ್ಟು ಹೋಗಬೇಕಿತ್ತು.

"ಎಡ ತೋಳಿಗೆ ಬಳ್ಳಿ ಬರತ್ತೆ. ಬಲ ಹೆಗಲ ಕಡೆ ಏನೂ ಇಲ್ವಲ್ಲೇ?"

"ಬಲಗಡೆ ತೋಳೇ ಬೇಡ ಆಂಟಿ."

"ನೋಡಿದೋರು ಹೊಲಿದೋಳಿಗೆ ಕಣ್ಣು ಮಂಜು ಅಂತಾರೆ ಅಷ್ಟೇ."

"ನಾನೇ ಹೊಲಿದೆ ಅಂದ್ಬಿಡ್ತೀನಿ ಬಿಡಿ."

"ನೀನು ಗುಂಡಿ ಹಾಕಿದ್ದು ನೋಡಿದೀನಿ. ಯಾರು ನಂಬ್ತಾರೆ?"

ಬಟ್ಟೆ ಹಾರುತ್ತಿದ್ದುದನ್ನು ಕಂಡು ಚೈತ್ರ ಸದ್ದಿಲ್ಲದೆ ಫ್ಯಾನು ಆರಿಸಿದಳು. ಸೆಕೆಗೆ ಅವಳ ಹಣೆಯೇ ಮೊದಲು ಬೆವರಿತು.

ಮೇಜಿನ ಮೇಲೆ ಬಗೆಹರಿಯಲಿಲ್ಲ. ಗಂಗಲಕ್ಷ್ಮಮ್ಮ ಬಟ್ಟೆಯನ್ನು ಹುಡುಗಿಯ ಹೆಗಲ ಮೇಲೆಯೇ ಹರಡಿ, ಚುಚ್ಚದಂತೆ ತುದಿ ಹೊರಗಿಟ್ಟು ಪಿನ್ನು ಹಾಕಿದರು. ಕತ್ತರಿಗೂ ಅವಳ ಮೈಗೂ ನಡುವೆ ತಮ್ಮ ಎಡಗೈ ಹಿಡಿದು ಕತ್ತರಿಸತೊಡಗಿದರು. ತೋಳು ಕೂಡುವ ಜಾಗಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ಕತ್ತರಿಸಿದರೆ ಬಳ್ಳಿ ತುಂಡು. ಬಿಟ್ಟರೆ ಹುಡುಗಿಯ ಕೈ ಮೇಲೇಳದು. ಕತ್ತರಿ ತೆರೆದೇ ಇತ್ತು. ಮನಸ್ಸಿಗೆ ಏನೂ ಹೊಳೆಯಲಿಲ್ಲ.

ಆಮೇಲೆ ಮಾವನವರ ಜುಬ್ಬ ನೆನಪಾಯಿತು. ಅವರಿಗೆ ಕೈ ಆಡಲೆಂದು ಕಂಕುಳಿಗೆ ಒಂದು ಚೌಕ ತುಂಡು ಸೇರಿಸುತ್ತಿದ್ದರು. ಹಾಗೆ ಮಾಡಿದರೆ ಹೆಗಲ ಮೇಲೆ ಹೊಲಿಗೆಯೇ ಬೇಡ. ಸರಿಯೋ ತಪ್ಪೋ ತಿಳಿಯದೆ, ಬಳ್ಳಿಯನ್ನು ಇಡಿಯಾಗಿ ಬಿಟ್ಟು ಕಂಕುಳ ಕೆಳಗೆ ಕತ್ತರಿ ಆಡಿಸಿದರು.

ಹೊಲಿದದ್ದನ್ನು ಚೈತ್ರ ತೊಟ್ಟು ನಿಂತಿದ್ದಾಗ ಎದುರು ಮನೆಯ ಹನುಮಕ್ಕ ಹೊಲಿಯಲು ಕೊಟ್ಟಿದ್ದ ತಮ್ಮ ರವಿಕೆ ಒಯ್ಯಲು ಬಂದರು.

"ಇನ್ನೊಂದು ತೋಳು ಎಲ್ರೀ?"

"ಬಳ್ಳಿ ಆ ಕಡೆ ಹೋಗಿಲ್ಲ ಹನುಮಕ್ಕ." ಮಾತು ತಾನಾಗಿ ಬಂದಿತ್ತು. ಅದು ಉತ್ತರವೇ ಎಂದು ಅವರಿಗೇ ಅನುಮಾನ.

ಹನುಮಕ್ಕ ಹತ್ತಿರ ಬಂದು ಹೂವನ್ನು ಬಗ್ಗಿ ನೋಡಿದರು. "ಹಾಗೋ. ನಂದು ನಾಳೆ ಕೊಡಿ, ಪರ್ವಾಗಿಲ್ಲ. ಮೊದ್ಲು ಆ ಮಗೂನ ಕಳ್ಸಿ."

"ಚೆನ್ನಾಗಿದೆಯಾ ಆಂಟಿ?" ಎಂದಳು ಚೈತ್ರ.

"ನಂಗೆ ಗೊತ್ತಾಗ್ತಿಲ್ಲ ಕಣೇ. ಕೈ ಎತ್ತು ನೋಡೋಣ."

ಚೈತ್ರ ಕೈ ಎತ್ತಿದಳು. ಎಲ್ಲೂ ಜಗ್ಗಲಿಲ್ಲ. ಬಳ್ಳಿ ಎಲ್ಲೂ ತುಂಡಾಗದೆ ಅವಳ ಜೊತೆಗೇ ಮೇಲೆದ್ದಿತು.

ಗಂಗಲಕ್ಷ್ಮಮ್ಮನಿಗೆ ಇನ್ನೂ ಗೊತ್ತಾಗಲಿಲ್ಲ.

"ಇನ್ನೊಂದ್ಸಲ ಎತ್ತು," ಎಂದರು.