ಅಪ್ಪನ ಹೊಲದ ಒಂದು ಬಕೆಟ್ ಮಣ್ಣು

ನನ್ನ ತಮ್ಮ ಹೈನ್‌ನ ಗೋಧಿ ಹೊಲದಲ್ಲಿ ಪ್ರತಿ ಏಪ್ರಿಲ್‌ಗೆ ಒಂದು ಹಳದಿ ಪಟ್ಟೆ ಏಳುತ್ತದೆ. ಗೇಟಿನಿಂದ ತಗ್ಗಿನ ಹಳ್ಳದವರೆಗೆ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲ. ಮೊದಲ ಸಲ ಅದು ಕಂಡಾಗ ಅವನು ನನಗೆ ಫೋನ್ ಮಾಡಿ, "ಲೇನಕ್ಕ, ಅಪ್ಪ ನಡ್ಕೊಂಡು ಬಂದಿದಾನೆ" ಅಂದ. ಅಪ್ಪ ಸತ್ತು ಆಗ ಮೂರು ವರ್ಷವಾಗಿತ್ತು.

ನಮ್ಮ ಮೆನೊನೈಟ್ ಪಂಗಡದ ಪ್ರಾಟೆಸ್ಟಂಟ್ ಜನ ರಷ್ಯಾ ಬಿಟ್ಟು ಅಮೆರಿಕದ ಕಾನ್ಸಾಸ್‌ಗೆ ಬರುವಾಗ ಬೀಜದ ಗೋಧಿ ತಂದರು. ನಮ್ಮ ಮನೆತನ ಒಂದು ಪದ್ಧತಿಯನ್ನೂ ತಂದಿತು. ಮಗ ಹೊಸ ಹೊಲ ಕೊಂಡರೆ ಅಪ್ಪ ತನ್ನ ಹೊಲದ ಒಂದು ಬಕೆಟ್ ಮಣ್ಣನ್ನು ಅಲ್ಲಿ ಚೆಲ್ಲಬೇಕು. ಅದೇ ಆಶೀರ್ವಾದ. ಹೈನ್‌ಗೆ ಅದು ಸಿಗಲಿಲ್ಲ. ಅವನು ಕ್ಯಾಥೊಲಿಕ್ ಹುಡುಗಿ ರೊಸಾಲಿಯಾಳನ್ನು ಮದುವೆಯಾಗಿದ್ದ. ನಮ್ಮಪ್ಪನ ಹಟವೋ, ಕತ್ತೆ ಬಂದು ಪಾಠ ಕಲಿಯಬೇಕು. "ಹೋಗು. ನನ್ನ ಮಣ್ಣು ಒಂದು ಹಿಡಿನೂ ನಿನ್ನ ಜೊತೆ ಬರಲ್ಲ" ಅಂದವನು ಸಾಯುವ ತನಕ ಮಗನ ಹೆಸರೆತ್ತಲಿಲ್ಲ. ಹೈನ್ ಒಂದು ಸಲಿಕೆಯನ್ನೂ ಒಯ್ಯದೆ ಹೋಗಿ ನಲವತ್ತು ಮೈಲಿ ಆಚೆ ಹೊಲ ಕೊಂಡ.

ಮಣ್ಣು ಚೆಲ್ಲಿದವಳು ನಾನು. ಅಪ್ಪನನ್ನು ಮಣ್ಣು ಮಾಡಿದ ವಾರ, ಬಿತ್ತನೆಗೆ ಮೊದಲು, ಹೈನ್ ಮನೆಯಲ್ಲಿಲ್ಲದ ದಿನ ನೋಡಿಕೊಂಡು ಹೋದೆ. ಅಪ್ಪನ ಹೊಲದ ತಗ್ಗಿನ ಮೂಲೆಯ ಕಪ್ಪು ಮಣ್ಣನ್ನೇ ಆರಿಸಿದ್ದೆ. ಆ ಮೂಲೆ ಪ್ರತಿ ವಸಂತದಲ್ಲೂ ಹಳದಿಯಾಗುತ್ತಿತ್ತು. ಚಳಿಗೆ ಹಾಗಾಗುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಫೋನ್ ಬಂದ ಮರುದಿನ ಹೋಗಿ ನೋಡಿದೆ. ಅದು ನಾನು ಬಕೆಟ್ ಹಿಡಿದು ಮಣ್ಣು ಚೆಲ್ಲುತ್ತಾ ನಡೆದ ದಾರಿಯೇ. ಆಗ ದಾರಿಯಲ್ಲೊಂದು ಕಡಿದ ಮರದ ಬುಡವಿತ್ತು, ನಾನು ಅದನ್ನು ಬಳಸಿ ನಡೆದಿದ್ದೆ. ಆಮೇಲೆ ಹೈನ್ ಬುಡ ಕಿತ್ತು ನೆಲ ಸಮ ಮಾಡಿದ್ದ. ಹಳದಿ ಮಾತ್ರ ಅಲ್ಲಿ ಈಗಲೂ ಬಳಸಿಕೊಂಡೇ ಹೋಗಿತ್ತು.

ಕಾಲೇಜಿನಿಂದ ಬೆಳೆಯ ಡಾಕ್ಟರು ಬಂದು ಬೇರು ಕಿತ್ತು ನೋಡಿದರು. ಇದು ವೈರಸ್, ತಾನಾಗಿ ಎಲ್ಲಿಗೂ ಹೋಗಲಾರದು, ಮಣ್ಣಿನ ಶಿಲೀಂಧ್ರವೊಂದು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರಿಗೆ ನುಗ್ಗುತ್ತದೆ ಎಂದರು. ಬಿಸಿಲೇರಿದರೆ ಹಳದಿ ಮಾಯವಾಗುತ್ತದೆ, ತೆನೆ ಮಾತ್ರ ಜೊಳ್ಳು. ಶಿಲೀಂಧ್ರದ ಬೀಜಕಣ ಗೋಧಿಯಿಲ್ಲದಿದ್ದರೂ ಮಣ್ಣಲ್ಲಿ ಮೂವತ್ತು ವರ್ಷ ಕಾಯುತ್ತದಂತೆ. ಬೇರೆ ಕಡೆಯ ನೇಗಿಲು, ಬೂಟು, ಮಣ್ಣು ಏನಾದರೂ ಬಂದಿತ್ತೇ ಎಂದು ಕೇಳಿದರು. ಹೈನ್ ಇಲ್ಲವೆಂದು ತಲೆಯಾಡಿಸಿದ. ನಾನು ಕಾಫಿ ಲೋಟಗಳನ್ನು ತೊಳೆಯುತ್ತಾ ನಿಂತೆ. ಬಾಯಿ ಬಿಟ್ಟರೆ ಬಣ್ಣಗೇಡು.

ಹೈನ್ ಕರಗತೊಡಗಿದ. ಏನೂ ತರದೆ ಬಂದವನ ಹೊಲಕ್ಕೆ ಅದು ಬಂದದ್ದಾದರೂ ಹೇಗೆ? ಅಪ್ಪ ಶಾಪ ಹಾಕಲು ಬಂದಿದ್ದಾನೆ, ಮೂವತ್ತು ವರ್ಷ ಬಿಡುವುದಿಲ್ಲ ಎಂದು ಹೊಲ ಮಾರಲು ಹೊರಟ. ರೊಸಾಲಿಯಾ ಪಿಂಗಾಣಿ ತಟ್ಟೆಗಳನ್ನು ಪೇಪರಿನಲ್ಲಿ ಸುತ್ತಿಡುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ತಮ್ಮನನ್ನು ಹೊಲದ ಅಂಚಿಗೆ ಕರೆದೊಯ್ದು ಬಕೆಟ್ಟಿನ ವಿಷಯ ಹೇಳಿದೆ. ಹೊಡೆದರೆ ಹೊಡೆಯಲಿ ಅಂತಲೇ ನಿಂತಿದ್ದೆ.

ಅವನು ಪಟ್ಟೆಯ ಕಡೆ ತಿರುಗಿದ.

"ಅಪ್ಪನೇ ಹೇಳಿ ಕಳಿಸಿದ್ನಾ, ಅಕ್ಕ?"

ನಲವತ್ತರ ಗಂಡಸು. ಮುಖ ಮಾತ್ರ ಏಳು ವರ್ಷದ ಹೈನ್‌ನದು.

"ಹೂಂ" ಅಂದೆ. "ಕೊನೇ ದಿನ ಹೇಳ್ದ. ಹೈನ್‌ಗೆ ತಗೊಂಡು ಹೋಗಿ ಹಾಕು ಅಂತ."

ಅವನು ಅಲ್ಲೇ ಕೂತು ಅತ್ತ. ಹೊಲ ಮಾರಲಿಲ್ಲ. ಡಾಕ್ಟರು ಹೇಳಿದಂತೆ ರೋಗ ತಡೆಯುವ ತಳಿಯನ್ನೇ ಬಿತ್ತುತ್ತಾನೆ. ಆ ಪಟ್ಟೆಗೆ ಮಾತ್ರ ಹಳೇ ಗೋಧಿ, ಹಳದಿ ಏಳಲಿ ಎಂದೇ. ಏಪ್ರಿಲ್ ಬಂತೆಂದರೆ ನನ್ನನ್ನು ಕರೆಸಿ, ಟೋಪಿ ತೆಗೆದು ಅಂಚಿನಲ್ಲಿ ನಿಲ್ಲುತ್ತಾನೆ. "ಅಪ್ಪ ಬಂದ ನೋಡು" ಅನ್ನುತ್ತಾನೆ, ನಗುತ್ತಾ.

ನನಗೀಗ ಎಪ್ಪತ್ತೊಂದು. ಪಕ್ಕದಲ್ಲಿ ನಿಂತು, ಬುಡವಿಲ್ಲದ ಜಾಗವನ್ನು ಬಳಸಿ ಹೋದ ನನ್ನ ಹೆಜ್ಜೆಗಳನ್ನು ನೋಡುತ್ತೇನೆ.